ಎದುರುಮನೆಯ ಅಡುಗೆಮನೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ)

"ಎಲ್ಲರ ಮನೆ ದೋಸೆಯೂ ತೂತೇ" ಎಂಬ ಗಾದೆ ನಮಗೆಲ್ಲ ಗೊತ್ತು. ಈ ಮೈಕಿನ ಮುಂದೆ ಕೂತು ನಾನೇ ಎಷ್ಟು ಸಲ ಇದನ್ನು ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಗಾದೆ ಹೇಳುವುದು ಸುಲಭ. ಬಾಯಲ್ಲಿ ಗಾದೆ ಇರುತ್ತದೆ, ಕಣ್ಣು ಮಾತ್ರ ಪಕ್ಕದ ಮನೆಯ ಕಾವಲಿಯ ಮೇಲೇ ಇರುತ್ತದೆ. ಇವತ್ತು ಬೇರೆಯವರ ಕಥೆ ಹೇಳುವುದಿಲ್ಲ. ನನ್ನದೇ ಕಥೆ ಹೇಳುತ್ತೇನೆ. ಕೇಳಿ ನಗುವವರು ನಗಬಹುದು, ನನ್ನದೇನೂ ತಕರಾರಿಲ್ಲ.

ನಾನು ಕುಂದಾಪುರದ ಕಡೆಯವಳು. ಊರಿನಲ್ಲಿ ಕನ್ನಡ ಬಿ.ಎ. ಮುಗಿಸಿ, ಮದುವೆಯಾಗಿ ಮುಂಬಯಿಗೆ ಬಂದವಳು. ನಮ್ಮ ಮನೆ ಇರುವುದು ಡೊಂಬಿವಲಿಯಲ್ಲಿ, ಮೂರನೆಯ ಮಹಡಿ. ನಮ್ಮ ಅಡುಗೆಮನೆಯ ಕಿಟಕಿಗೂ ಎದುರಿನ ಕಟ್ಟಡದ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ಓಣಿಯಷ್ಟೇ ಅಂತರ. ಆ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ನಮ್ಮ ಮನೆಯಲ್ಲಿ ಎಣಿಸಬಹುದು.

ಬೆಳಗಿನ ಪಾಳಿ ಇದ್ದ ದಿನ ನಾನು 4 ಗಂಟೆಗೆ ಏಳಬೇಕು. ಹಾಲು ಕಾಯುವಷ್ಟರಲ್ಲಿ ಕಿಟಕಿಯ ಹತ್ತಿರ ನಿಂತು ಜಡೆ ಹೆಣೆದುಕೊಂಡು, ಮಗಳ ಡಬ್ಬಿಗೆ ಪಲ್ಯಕ್ಕೆ ಹೆಚ್ಚಿಟ್ಟು, ಮೆಟ್ಟಿಲು ಹಾರಿಕೊಂಡು ಇಳಿದು ಲೋಕಲ್ ಹಿಡಿಯಬೇಕು. ಆ ಹೊತ್ತಿಗೆ ಇಡೀ ಓಣಿ ಕತ್ತಲು. ಎದುರುಮನೆಯ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿರುತ್ತಿತ್ತು. ಸುಮಾರು ಐವತ್ತೈದರ ವಯಸ್ಸಿನ ಮರಾಠಿ ಹೆಂಗಸು. ಎಲ್ಲರೂ ಅವರನ್ನು ಕಾಕೂ ಎಂದು ಕರೆಯುತ್ತಿದ್ದರು. ಅವರು ಒಂದು ಎತ್ತರದ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು, ಯಾವ ಅವಸರವೂ ಇಲ್ಲದೆ ಚಹಾ ಕುಡಿಯುತ್ತಿರುತ್ತಿದ್ದರು. ನಾನು ಇಲ್ಲಿ ಒಂದು ಕೈಯಲ್ಲಿ ಜಡೆ, ಇನ್ನೊಂದು ಕೈಯಲ್ಲಿ ಸೌಟು. ಅವರು ಅಲ್ಲಿ ಅರಮನೆಯ ರಾಣಿ.

ಆಮೇಲೆ ಒಂದು ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಆ ಮನೆಯಲ್ಲಿ ಒಡೆಯುವ ಸದ್ದು ಶುರುವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಹೊಸ ಅಡುಗೆಮನೆ ತಯಾರು. ಹಳೆಯ ಕಡಪ್ಪಾ ಕಲ್ಲು ಹೋಗಿ ಕಪ್ಪು ಗ್ರಾನೈಟ್ ಬಂತು. ಕೆಳಗೆ ಸ್ಟೀಲ್ ಟ್ರಾಲಿಗಳು, ಬೆರಳಲ್ಲಿ ಎಳೆದರೆ ಸಾಕು, ಜಾರಿಕೊಂಡು ಬರುತ್ತವೆ. ಅವುಗಳಿಗೆ ಅಗಲವಾದ ದೊಡ್ಡ ಹಿಡಿ. ನಲ್ಲಿಗೆ ಉದ್ದನೆಯ ಹಿಡಿ. ಕಟ್ಟೆಯೂ ನಮ್ಮೆಲ್ಲರ ಮನೆಯ ಕಟ್ಟೆಗಿಂತ ತಗ್ಗು, ಸ್ಟೂಲಿನ ಮೇಲೆ ಕೂತೇ ಚಪಾತಿ ಲಟ್ಟಿಸಬಹುದು. "ನೋಡಿ, ಅಡುಗೆ ಮಾಡಿದರೆ ಹೀಗೆ ಮಾಡಬೇಕು" ಎಂದೆ ನಮ್ಮವರಿಗೆ. ಅವರು ಪೇಪರಿನಿಂದ ತಲೆ ಎತ್ತದೆ, "ಅಡುಗೆಮನೆ ಅವರದ್ದು ಚಂದ, ಸಾರು ನಿನ್ನದೇ ಚಂದ, ಬಿಡು ಮಾರಾಯ್ತಿ" ಎಂದರು. ನಾನು ಬಿಡಲಿಲ್ಲ.

ನಾಲ್ಕು ತಿಂಗಳು ಹಟ ಹಿಡಿದೆ. ಕೊನೆಗೆ 1,30,000 ರೂಪಾಯಿ ಸಾಲ ತೆಗೆದೆವು. ತಿಂಗಳಿಗೆ 6,200 ರೂಪಾಯಿಯಂತೆ 24 ಕಂತು. ಮಿಸ್ತ್ರಿಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, "ಅಗೋ, ಹಾಗೇ ಆಗಬೇಕು" ಎಂದು ತೋರಿಸಿದೆ. ಆತ, "ಕಟ್ಟೆ ಇಷ್ಟು ತಗ್ಗು ಯಾಕೆ ತಾಯೀ, ನೀವು ನಿಂತು ಅಡುಗೆ ಮಾಡುವವರಲ್ಲವೇ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆಯೇ. ನಾನು ಉತ್ತರ ಕೊಡಲಿಲ್ಲ. ಹಾಗೇ ಬೇಕು ಎಂದೆ, ಅಷ್ಟೇ.

ಅದೇ ವರ್ಷ ಊರಿನಲ್ಲಿ ನಮ್ಮ ಅಪ್ಪಯ್ಯನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರು. ಅದೇನು ಈಗ ದೊಡ್ಡ ಆಪರೇಷನ್ ಅಲ್ಲ, ಬೆಳಗ್ಗೆ ಹೋದರೆ ಸಂಜೆ ಮನೆಗೆ ಬರಬಹುದು. ಆದರೆ ದುಡ್ಡು ಹೊಂದಿಸಬೇಕು, ಜೊತೆಗೆ ಒಬ್ಬರು ಇರಬೇಕು. ನಾನು ರಜೆ ಹಾಕಿ ಬರಲಿ ಎಂದು ಅವರಿಗೆ ಆಸೆ. ಬಾಯಿಬಿಟ್ಟು ಹೇಳುವ ಜನ ಅಲ್ಲ. ನಾನು ಫೋನಿನಲ್ಲಿ, "ಅಪ್ಪಯ್ಯ, ಈ ವರ್ಷ ಸ್ವಲ್ಪ ಕಷ್ಟ" ಎಂದೆ. "ಅವಸರ ಎಂತದ್ದೂ ಇಲ್ಲ ಮಗಾ, ಬರುವ ವರ್ಷ ಆಯ್ತು" ಎಂದರು. ಕಷ್ಟದ ಹೆಸರು ಟ್ರಾಲಿ ಎಂದು ನಾನು ಹೇಳಲಿಲ್ಲ.

ನಮ್ಮ ಕಡೆ ಯಕ್ಷಗಾನಕ್ಕೆ 'ಆಟ' ಎನ್ನುತ್ತೇವೆ. ಅಪ್ಪಯ್ಯ ಆಟದ ಹುಚ್ಚಿನವರು. ಮಳೆಗಾಲ ಮುಗಿದು ಮೇಳ ಹೊರಟರೆ, ಮುಂದಿನ ಮಳೆಗಾಲದವರೆಗೆ ಸುತ್ತಲಿನ ಊರುಗಳಲ್ಲಿ ಎಲ್ಲಿ ಆಟವಿದ್ದರೂ ಮುಂದಿನ ಸಾಲಿನಲ್ಲಿ ಅವರು. ಆ ವರ್ಷ ಒಂದೇ ಒಂದು ಆಟಕ್ಕೆ ಹೋದರಂತೆ. "ಲೈಟಿನ ಸುತ್ತ ಬಳೆ ಕಟ್ಟಿದ ಹಾಗೆ ಕಾಣ್ತದೆ. ವೇಷ ಯಾವುದು, ಬಣ್ಣ ಯಾವುದು ಗೊತ್ತಾಗುವುದಿಲ್ಲ. ಚೆಂಡೆ ಕೇಳಿಕೊಂಡು ಕೂತೆ" ಎಂದು ಅಮ್ಮನ ಹತ್ತಿರ ಹೇಳಿದರಂತೆ. ನಾನು ಕಳಿಸುವ ಈ ಪತ್ರಿಕೆಯನ್ನು ಅಕ್ಷರ ಬಿಡದೆ ಓದುತ್ತಿದ್ದವರು, ಆ ವರ್ಷದ ಸಂಚಿಕೆಗಳನ್ನೆಲ್ಲ ಪೆಟ್ಟಿಗೆಯ ಮೇಲೆ ಪೇರಿಸಿಟ್ಟಿದ್ದರಂತೆ, ಕಣ್ಣು ಸರಿಯಾದ ಮೇಲೆ ಓದಲಿಕ್ಕೆ.

ನಿಮ್ಮಲ್ಲಿ ಕೆಲವರು ಕೇಳಬಹುದು, "ಓದಿದವಳು, ನಾಲ್ಕು ಜನರಿಗೆ ಬುದ್ಧಿ ಹೇಳುವವಳು, ನೀನೇ ಹೀಗೆ ಮಾಡಿದೆಯಾ?" ಎಂದು. ಮಾಡಿದೆ. ಇದು ಓದಿದವರು, ಓದದವರು ಎಂದು ನೋಡುವ ಕಾಯಿಲೆಯಲ್ಲ.

ಒಂದು ವಿಚಿತ್ರ ನೋಡಿ. ಇದೇ ಮುಂಬಯಿಯ ಅಲ್ಟಾಮೌಂಟ್ ರಸ್ತೆಯಲ್ಲಿ ಒಂದೇ ಕುಟುಂಬಕ್ಕೆ 27 ಅಂತಸ್ತಿನ ಮನೆಯಿದೆ. ಅದನ್ನು ನೋಡಿ ನನಗೆ ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ. ಎದುರುಮನೆಯ ಕಾಕೂ ಅವರ ಟ್ರಾಲಿಗೆ ನಾಲ್ಕು ತಿಂಗಳು ನಿದ್ದೆ ಕೆಟ್ಟಿತು. ಯಾಕೆ? ಅಮೆರಿಕದ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಇದನ್ನು ವಿವರಿಸಿದ್ದಾರೆ. ನಾವು ಎಷ್ಟರವರು ಎಂದು ಅಳೆಯಲು ಸರಿಯಾದ ಅಳತೆಗೋಲು ಇಲ್ಲದಾಗ, ಮನುಷ್ಯ ಇನ್ನೊಬ್ಬ ಮನುಷ್ಯನನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ. ಅದೂ ತನ್ನಂತೆಯೇ ಇರುವವನನ್ನು. ಶ್ರೀಮಂತ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ನಮ್ಮಷ್ಟೇ ಬಾಡಿಗೆ, ನಮ್ಮಷ್ಟೇ ಸಂಬಳ, ನಮ್ಮದೇ ಲೋಕಲ್ಲಿನಲ್ಲಿ ಓಡಾಡುವವರು ಒಂದು ಮೆಟ್ಟಿಲು ಮೇಲೆ ಹತ್ತಿದರೆ ಸಾಕು, ನಾವು ಬಿದ್ದೆವು ಅನಿಸಿಬಿಡುತ್ತದೆ.

ನೆದರ್‌ಲ್ಯಾಂಡ್ಸ್ ದೇಶದಲ್ಲಿ ಒಂದು ಲಾಟರಿ ಇದೆ. ಅಲ್ಲಿ ಬಹುಮಾನ ಬರುವುದು ಒಂದು ಪಿನ್‌ಕೋಡಿಗೆ. ಅಲ್ಲಿನ ಒಂದು ಪಿನ್‌ಕೋಡ್ ಎಂದರೆ ಸುಮಾರು ಇಪ್ಪತ್ತು ಮನೆ. ಆ ಇಪ್ಪತ್ತು ಮನೆಯಲ್ಲಿ ಟಿಕೆಟ್ ಕೊಂಡವರಿಗೆಲ್ಲ ಹಣ, ಅವರಲ್ಲೊಬ್ಬರಿಗೆ ಹೊಸ ಕಾರು. ಟಿಕೆಟ್ ಕೊಳ್ಳದವರಿಗೆ ಏನೂ ಇಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಗೆದ್ದವರ ಪಕ್ಕದ ಮನೆಯವರು, ಒಂದು ಪೈಸೆ ಗೆಲ್ಲದಿದ್ದರೂ, ಕಾರಿಗಾಗಿ ಬೇರೆಯವರಿಗಿಂತ ಹೆಚ್ಚು ಖರ್ಚು ಮಾಡಿದ್ದು ಕಂಡುಬಂತು. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಡೊಂಬಿವಲಿಯ ಟ್ರಾಲಿಗೆ ಯುರೋಪಿನಲ್ಲೂ ನೆಂಟರಿದ್ದಾರೆ!

ವ್ಯಾಪಾರಿಗಳಿಗೆ ಈ ಗುಟ್ಟು ಮೊದಲೇ ಗೊತ್ತು. 1980ರ ದಶಕದಲ್ಲಿ ಓನಿಡಾ ಟಿ.ವಿ.ಯ ಜಾಹೀರಾತಿನಲ್ಲಿ ಕೊಂಬು, ಬಾಲದ ಒಬ್ಬ ಸೈತಾನ ಬರುತ್ತಿದ್ದ. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬೇಕು. ಟಿ.ವಿ. ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಹೇಳಿದ್ದರೆ ಸಾಲುತ್ತಿರಲಿಲ್ಲ. ಪಕ್ಕದ ಮನೆಯವರು ಹೊಟ್ಟೆ ಉರಿದುಕೊಳ್ಳುತ್ತಾರೆ ಎಂಬುದನ್ನೇ ಆ ಜಾಹೀರಾತು ಮಾರಿತು.

ಅದಕ್ಕೂ ಬಹಳ ಮೊದಲು, 1913ರಲ್ಲಿ, ಅಮೆರಿಕದ ಪತ್ರಿಕೆಯಲ್ಲಿ ಆರ್ಥರ್ ಮೊಮಾಂಡ್ ಎಂಬ ಚಿತ್ರಕಾರ ಒಂದು ವ್ಯಂಗ್ಯಚಿತ್ರ ಮಾಲಿಕೆ ಶುರುಮಾಡಿದ. ಪಕ್ಕದ ಮನೆಯ ಜೋನ್ಸ್ ಕುಟುಂಬಕ್ಕೆ ಸರಿಸಮ ನಿಲ್ಲಬೇಕೆಂದು ಒಂದು ಸಂಸಾರ ಪಡುವ ಪಾಡೇ ಅದರ ವಸ್ತು. ಅದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಏನು ಗೊತ್ತೆ? ಆ ಜೋನ್ಸ್ ಕುಟುಂಬ ಚಿತ್ರದಲ್ಲಿ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಓದುಗರು ಅವರ ಮುಖವನ್ನೇ ನೋಡಲಿಲ್ಲ. ಇಡೀ ಹೋರಾಟವೆಲ್ಲ ಕಾಣದವರ ಜೊತೆ!

ನನಗೂ ಕಾಕೂ ಅವರ ಕಿಟಕಿ ಕಾಣುತ್ತಿತ್ತೇ ಹೊರತು ಕಾಕೂ ಕಾಣುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ನಮ್ಮ ಅತ್ತೆಯ ಮಾತಿನಿಂದ. ಅತ್ತೆ ಮದುವೆಯಾಗಿ ಬಂದದ್ದು ವರಳಿಯ ಬಿ.ಡಿ.ಡಿ. ಚಾಳಿಗೆ. 1920ರ ದಶಕದಲ್ಲಿ ಕಟ್ಟಿದ ಆ ಚಾಳುಗಳಲ್ಲಿ ಒಂದು ಸಂಸಾರಕ್ಕೆ 160 ಚದರಡಿಯ ಒಂದೇ ಕೋಣೆ. ಎಲ್ಲರ ಬಾಗಿಲೂ ಒಂದೇ ಪಡಸಾಲೆಗೆ ತೆರೆಯುತ್ತಿತ್ತು. ಒಮ್ಮೆ ನಾನು ಕೇಳಿದೆ, "ಅತ್ತೆ, ಅಷ್ಟು ಹತ್ತಿರ ಹತ್ತಿರ ಇದ್ದಿರಲ್ಲ, ಅವರಿವರ ಮನೆ ನೋಡಿ ಆಸೆ ಆಗುತ್ತಿರಲಿಲ್ಲವೇ?"

"ಆಗುತ್ತಿತ್ತು, ಯಾಕೆ ಆಗುವುದಿಲ್ಲ? ಮೂರನೇ ಕೋಣೆಯವರು ಹೊಸ ಮಂಚ ತಂದಾಗ ನಾನೂ ಒಂದು ವಾರ ಮಾವನವರ ಹತ್ತಿರ ಮಾತು ಬಿಟ್ಟಿದ್ದೆ. ಆದರೆ ಆ ಮಂಚದ ಕಂತು ಕೇಳಲು ಬಂದವನು ಬಾಗಿಲಲ್ಲಿ ನಿಂತು ಕೂಗಾಡಿದ್ದೂ ನನಗೆ ಕೇಳಿಸಿತಲ್ಲ! ಆಮೇಲೆ ಮಂಚದ ಆಸೆ ಹೋಯಿತು. ಮಂಚವೂ ಕಾಣುತ್ತಿತ್ತು, ಮಂಚದ ಸಾಲವೂ ಕಾಣುತ್ತಿತ್ತು. ನಿಮ್ಮ ಫ್ಲಾಟಿನಲ್ಲಿ ಮಂಚ ಮಾತ್ರ ಕಾಣುತ್ತದೆ" ಎಂದರು ಅತ್ತೆ.

ಚಾಳಿನ ಬದುಕು ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ನೀರಿಗೆ ಜಗಳ, ಕಕ್ಕಸಿಗೆ ಸಾಲು. ಅತ್ತೆಯೂ ಹಾಗೆ ಹೇಳುವುದಿಲ್ಲ. ಆದರೆ ಅವರ ಮಾತಿನಲ್ಲಿ ಸತ್ಯವಿತ್ತು. ನಾವು ಬಾಗಿಲು ಮುಚ್ಚಿಕೊಂಡೆವು, ಕಿಟಕಿ ತೆರೆದಿಟ್ಟೆವು. ಈಗಂತೂ ಆ ಕಿಟಕಿ ಮೊಬೈಲಿನೊಳಗೇ ಬಂದು ಕೂತಿದೆ. ಯಾರು ಎಲ್ಲಿಗೆ ಪ್ರವಾಸ ಹೋದರು, ಯಾರ ಮಗನಿಗೆ ಎಷ್ಟು ಅಂಕ ಬಂತು, ಎಲ್ಲ ಸ್ಟೇಟಸ್‌ನಲ್ಲಿ. ಕಂತು ಕೇಳಲು ಬಂದವನ ಕೂಗಾಟವನ್ನು ಯಾರೂ ಸ್ಟೇಟಸ್ ಹಾಕುವುದಿಲ್ಲ.

ಮುಂದೇನಾಯಿತು ಹೇಳುತ್ತೇನೆ. ಸಂಕ್ರಾಂತಿ ಬಂತು. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹೆಂಗಸರು ಒಬ್ಬರನ್ನೊಬ್ಬರು ಹಳದಿ-ಕುಂಕುಮಕ್ಕೆ ಕರೆಯುತ್ತಾರೆ. ಇಲ್ಲಿರುವ ನಿಮಗೆ ಗೊತ್ತೇ ಇದೆ. ನಮ್ಮ ಎಳ್ಳುಬೆಲ್ಲದ ಹಾಗೆ ಅವರದ್ದು ತಿಳ್‌ಗೂಳ್. ಆ ವರ್ಷ ಕಾಕೂ ಅವರ ಮನೆಯಿಂದ ನನಗೂ ಕರೆ ಬಂತು. ನಿಜ ಹೇಳುತ್ತೇನೆ, ನಾನು ಹೋದದ್ದು ಕುಂಕುಮಕ್ಕಲ್ಲ. ಅವರ ಅಡುಗೆಮನೆಗೂ ನಮ್ಮದಕ್ಕೂ ಇನ್ನೂ ಏನು ವ್ಯತ್ಯಾಸ ಉಳಿದಿದೆ ಎಂದು ನೋಡಲು ಹೋದೆ. ಅಷ್ಟರಲ್ಲಿ ನನ್ನ ತಗ್ಗು ಕಟ್ಟೆಯ ಮುಂದೆ ಬಗ್ಗಿ ಬಗ್ಗಿ ನಿಂತು ಸೊಂಟ ನೋವು ಶುರುವಾಗಿತ್ತು. ಅವರಿಗೆ ಯಾಕೆ ನೋಯುವುದಿಲ್ಲ ಎಂಬ ಕುತೂಹಲ ಬೇರೆ.

ಕುಂಕುಮ ಹಚ್ಚಲು ಕಾಕೂ ಕೈ ಎತ್ತಿದರು. ಆಗ ಅವರ ಕೈಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಬೆರಳುಗಳು ಗಂಟುಗಂಟಾಗಿ ಒಂದು ಪಕ್ಕಕ್ಕೆ ವಾಲಿದ್ದವು. ಕುಂಕುಮದ ಚಿಟಿಕೆ ಹಿಡಿಯಲಾಗದೆ, ಬೆರಳಿನ ತುದಿ ಅದ್ದಿ ಹಣೆಗೆ ಒತ್ತಿದರು.

ಅವರಿಗಿದ್ದದ್ದು ಸಂಧಿವಾತ, ಡಾಕ್ಟರುಗಳು ರುಮಟಾಯ್ಡ್ ಎನ್ನುವ ಜಾತಿಯದು. ವಯಸ್ಸಾದವರಿಗೆ ಬರುವ ಸವೆತದ ನೋವಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪದರದ ಮೇಲೆ ಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬೆಳಗ್ಗೆ ಎದ್ದಾಗ ಕೀಲುಗಳು ಬಿಗಿದುಕೊಂಡಿರುತ್ತವೆ, ಸಡಿಲವಾಗಲು ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಮನೆಯಲ್ಲಿ ಆರು ಗಂಟೆಗೆ ಎರಡು ಡಬ್ಬಿ ತಯಾರಾಗಬೇಕು. ಅದಕ್ಕೇ ಕಾಕೂ 4 ಗಂಟೆಗೆ ಏಳುತ್ತಿದ್ದರು. ಎರಡು ಕೈಯಲ್ಲಿ ಬಟ್ಟಲು ಹಿಡಿದು ಕೂರುತ್ತಿದ್ದದ್ದು ಬಿಸಿಗೆ ಬೆರಳು ಬಿಚ್ಚಿಕೊಳ್ಳಲಿ ಎಂದು. ನಾನು ರಾಣಿಯ ವಿರಾಮ ಎಂದುಕೊಂಡದ್ದು ಅದನ್ನೇ. ಕಟ್ಟೆ ತಗ್ಗು, ಯಾಕೆಂದರೆ ನಿಂತು ಅಡುಗೆ ಮಾಡಲು ಮೊಣಕಾಲು ಬಿಡುತ್ತಿರಲಿಲ್ಲ. ಟ್ರಾಲಿಗೆ ಅಗಲವಾದ ಹಿಡಿ, ಯಾಕೆಂದರೆ ಸಣ್ಣ ಗುಬಟು ಹಿಡಿಯಲು ಬೆರಳಿಗೆ ಬಲವಿಲ್ಲ. ನಲ್ಲಿಯ ಹಿಡಿ ಉದ್ದ, ಮೊಣಕೈಯಲ್ಲಿ ತಳ್ಳಲಿಕ್ಕೆ. ನಾನು ಸಾಲ ಮಾಡಿ ಮನೆಗೆ ತಂದದ್ದು ಇನ್ನೊಬ್ಬರ ಕಾಯಿಲೆಗೆ ಮಾಡಿಸಿದ ವ್ಯವಸ್ಥೆಯನ್ನು!

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಕೈಗೆ ತಿಳ್‌ಗೂಳ್ ಹಾಕುತ್ತ ಕಾಕೂ ಮರಾಠಿಯಲ್ಲಿ ಹೇಳಿದರು, "ನಿನ್ನನ್ನು ನಾನು ದಿನಾ ನೋಡುತ್ತೇನೆ. ಕಿಟಕಿಯ ಹತ್ತಿರ ಜಡೆ ಹೆಣೆಯುತ್ತೀಯಲ್ಲ, ನಿನ್ನ ಬೆರಳು ನೋಡುತ್ತಾ ಕೂತಿರುತ್ತೇನೆ. ಎರಡೇ ನಿಮಿಷದಲ್ಲಿ ಎಷ್ಟು ಸರಸರ ಓಡುತ್ತವೆ! ನನ್ನದೂ ಉದ್ದ ಕೂದಲಿತ್ತು. ಹೆಣೆಯಲು ಆಗುವುದಿಲ್ಲವೆಂದು ಕತ್ತರಿಸಿಬಿಟ್ಟೆ."

ನನಗೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ನಾವಿಬ್ಬರೂ ಒಂದೇ ಹೊತ್ತಿಗೆ, ಒಂದೇ ಓಣಿಯ ಎರಡು ಪಕ್ಕದಲ್ಲಿ ಕೂತು, ಒಬ್ಬರ ಪಾಲಿನ ಸುಖವನ್ನು ಇನ್ನೊಬ್ಬರು ಎಣಿಸುತ್ತಿದ್ದೆವು.

ಈಗ ಹೇಳುವ ಮಾತು ಹೇಳಲು ನಾಚಿಕೆಯಾಗುತ್ತದೆ. ಮೆಟ್ಟಿಲಿಳಿದು ಬರುವಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಕನಿಕರವಲ್ಲ. "ಸದ್ಯ, ನನ್ನ ಕೈ ಸರಿಯಿದೆ" ಎಂಬ ನೆಮ್ಮದಿ. ಒಂದು ಗಂಟೆಯ ಹಿಂದೆ ಅವರ ಅಡುಗೆಮನೆ ನೋಡಿ ಸಂಕಟಪಟ್ಟವಳು, ಈಗ ಅವರ ಬೆರಳು ನೋಡಿ ಸಮಾಧಾನಪಟ್ಟೆ. ಎರಡೂ ಒಂದೇ ತಕ್ಕಡಿ, ತಟ್ಟೆ ಮಾತ್ರ ಮೇಲೆ ಕೆಳಗೆ ಆಗಿತ್ತು. ನಮಗಿಂತ ಕಷ್ಟದಲ್ಲಿರುವವರನ್ನು ನೋಡಿ ತೃಪ್ತಿಪಡಿ ಎಂದು ಹಿರಿಯರು ಹೇಳುವುದುಂಟು. ನನಗೆ ಈಗ ಆ ಮಾತೂ ಅಷ್ಟು ಸರಿಯಾಗಿ ಕಾಣುವುದಿಲ್ಲ. ಇನ್ನೊಬ್ಬರ ನೋವು ನಮ್ಮ ನೆಮ್ಮದಿಗೆ ಮದ್ದಾಗಬಾರದು.

ಕನ್ನಡ ಓದಿದವಳಾದ್ದರಿಂದ ಭಾರತದ ಗಾಂಧಾರಿ ನೆನಪಾದಳು. ಗರ್ಭ ಧರಿಸಿ ಎರಡು ವರ್ಷವಾದರೂ ಹೆರಿಗೆಯಾಗದೆ ಕಾದಿದ್ದಳು. ಅತ್ತ ಓರಗಿತ್ತಿ ಕುಂತಿ ಗಂಡು ಹೆತ್ತಳೆಂಬ ಸುದ್ದಿ ಬಂತು. ಕೇಳಿ ತನ್ನ ಬಸಿರನ್ನೇ ಹಿಸುಕಿಕೊಂಡಳು. ಕುಂತಿ ಇದ್ದದ್ದು ಕಾಡಿನಲ್ಲಿ, ಶಾಪಗ್ರಸ್ತನಾದ ಗಂಡನ ಜೊತೆ. ಗಾಂಧಾರಿ ಇದ್ದದ್ದು ಅರಮನೆಯಲ್ಲಿ. ಆದರೂ ಸಂಕಟಪಟ್ಟವಳು ಗಾಂಧಾರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳಿಗೆ ಮಗು ಹುಟ್ಟಿದ ಸುದ್ದಿ ತಲುಪಿತು, ಕಾಡಿನ ಕಷ್ಟ ಕಾಣಲಿಲ್ಲ. ಪೆಟ್ಟು ಬಿದ್ದದ್ದು ಯಾರಿಗೆ? ಕುಂತಿಗಲ್ಲ, ತನ್ನದೇ ಮಗುವಿಗೆ. ನನ್ನ ಹಟದ ಪೆಟ್ಟೂ ಕಾಕೂ ಅವರಿಗೆ ಬೀಳಲಿಲ್ಲ. ಊರಿನಲ್ಲಿ ಕೂತಿದ್ದ ಅಪ್ಪಯ್ಯನಿಗೆ ಬಿತ್ತು.

ಆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. ಟ್ರಾಲಿಯ ವಿಷಯ ಬಿಚ್ಚಿ ಹೇಳಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ರಾಲಿ ಚಂದ ಉಂಟಾ?" ಎಂದು ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ಕೈಯಲ್ಲಿದ್ದ ಒಂದು ಜೊತೆ ಬಳೆ ಇಟ್ಟು ದುಡ್ಡು ಹೊಂದಿಸಿದೆ. ರಜೆ ಹಾಕಿ ಹೋದೆ. ಉಡುಪಿಯಲ್ಲಿ ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಪಟ್ಟಿ ಬಿಚ್ಚಿದ ದಿನ ಅಪ್ಪಯ್ಯ ಮೊದಲು ಹೇಳಿದ್ದು, "ಮಗಾ, ನಿನ್ನ ತಲೆಯಲ್ಲಿ ಬಿಳಿ ಕೂದಲು ಬಂದಿದೆಯಲ್ಲ!" ಆ ವರ್ಷದ ಮೇಳಗಳೆಲ್ಲ ಮುಗಿಯುವ ಹೊತ್ತಾಗಿತ್ತು. ಕೊನೆಯ ಎರಡು ಆಟ ನೋಡಿದರು. ತಪ್ಪಿಹೋದ ಆಟಗಳನ್ನು ನಾನು ಯಾವ ಕಂತಿನಲ್ಲೂ ತೀರಿಸಲಾರೆ.

ಕೇಳುಗ ಬಂಧುಗಳೆ, ಪಕ್ಕದ ಮನೆಯ ಕಡೆ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ, ನಾನೂ ಪಾಲಿಸುವುದಿಲ್ಲ. ಊರು ಬಿಟ್ಟು ಬಂದ ನಮಗೆ ಇಲ್ಲಿ ನೆರೆಯವರೇ ಕನ್ನಡಿ. ಆದರೆ ಕಿಟಕಿಯಿಂದ ಅರ್ಧ ನೋಡಿ ಸಾಲ ಮಾಡಬೇಡಿ. ಒಂದು ಸಲ ಮೆಟ್ಟಿಲಿಳಿದು, ಮೆಟ್ಟಿಲು ಹತ್ತಿ, ಬಾಗಿಲ ಗಂಟೆ ಒತ್ತಿ. ಒಂದು ಬಟ್ಟಲು ಸಾರೋ, ನಾಲ್ಕು ನೀರುದೋಸೆಯೋ ತೆಗೆದುಕೊಂಡು ಹೋಗಿ. ಒಳಗೆ ಹೋದರೆ ಅವರ ದೋಸೆಯ ತೂತೂ ಕಾಣುತ್ತದೆ, ನಮ್ಮ ದೋಸೆಯ ತೂತನ್ನು ಮುಚ್ಚಿಡುವ ಅಗತ್ಯವೂ ಇರುವುದಿಲ್ಲ.

ನಮ್ಮ 24 ಕಂತೂ ಮುಗಿದವು, ಬಳೆಯೂ ವಾಪಸು ಬಂತು. ಕಟ್ಟೆ ಇನ್ನೂ ತಗ್ಗಾಗಿಯೇ ಇದೆ. ಈಗ ನಾನೂ ಒಂದು ಸ್ಟೂಲು ತಂದಿದ್ದೇನೆ. ವಾರಕ್ಕೊಮ್ಮೆ ಬಿಡುವಿನ ದಿನ ಕಾಕೂ ಬಂದು ಅದರ ಮೇಲೆ ಕೂರುತ್ತಾರೆ. "ನಿಮ್ಮ ಮನೆ ಕಟ್ಟೆ ಒಂದೇ ನನಗೆ ಸರಿಹೋಗುವುದು ನೋಡು" ಎಂದು ನಗುತ್ತಾರೆ. ಅವರ ಕೂದಲು ಮತ್ತೆ ಭುಜದವರೆಗೆ ಬೆಳೆದಿದೆ. ನಾನೇ ಬಾಚಿ ಒಂದು ಪುಟ್ಟ ಜಡೆ ಹಾಕುತ್ತೇನೆ.

ಬೆಳಗಿನ ಪಾಳಿಯ ದಿನ 4 ಗಂಟೆಗೆ ಎದ್ದಾಗ ಎದುರು ಕಿಟಕಿಯಲ್ಲಿ ದೀಪ ಇರುತ್ತದೆ. ಈಗ ಅದನ್ನು ನೋಡಿ ಮೊದಲು ಕೇಳಿಕೊಳ್ಳುವುದು, ಇವತ್ತು ಬೆರಳು ಹೇಗಿದೆಯೋ ಎಂದು.

ಈ ಮಾತುಗಳು ಅಚ್ಚಾದ ಪತ್ರಿಕೆ ಊರಿಗೂ ಹೋಗುತ್ತದೆ. ಅಪ್ಪಯ್ಯ ಈಗ ಅಕ್ಷರ ಬಿಡದೆ ಓದುತ್ತಾರೆ. ಇದನ್ನೂ ಓದುತ್ತಾರೆ.